ಮಾರಿದ ದುಡ್ಡು ಅದೇ ದಿನ ಸಾಲಕ್ಕೆ: ನಮ್ಮ ಮನೆಯ ಸಾಲ ತೀರಿಸಿದ ರೀತಿ

ನಮ್ಮ ಮನೆಯ ಸಾಲ ಒಟ್ಟು 3,51,800 ರೂಪಾಯಿ ಇತ್ತು. ಈ ಅಂಕಿ ನನಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ಹೆಂಡತಿಯೂ ನಾನೂ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದು ಕೂಡಿಸಿದಾಗ. ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ "ಎರಡು ಲಕ್ಷದ ಒಳಗೇ ಇರಬಹುದು" ಅನ್ನುತ್ತಿದ್ದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಕೂಡಿಸಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳೇ "ಸರಿ, ಈಗ ಗೊತ್ತಾಯ್ತಲ್ಲ, ಎಲ್ಲಿಂದ ಶುರು ಮಾಡೋಣ?" ಅಂದಳು.

ತೀರಿಸಲು 17 ತಿಂಗಳು ಹಿಡಿಯಿತು. ಬೆಂಗಳೂರಲ್ಲಿ ಬಾಡಿಗೆ ಮನೆ, ನನ್ನ ಒಂದು ಸಂಬಳ, ಅವಳು ಸಂಜೆ ಹೇಳಿಕೊಡುವ ಟ್ಯೂಷನ್. ಸಂಬಳ ಏರಲಿಲ್ಲ, ಊರಲ್ಲಿ ಜಮೀನು ಮಾರಲಿಲ್ಲ. ಖರ್ಚಿಗೆ ಲೆಕ್ಕ ಇಟ್ಟೆವು, ಮನೆಯಲ್ಲಿ ಸುಮ್ನೆ ಕೂತಿದ್ದ ಸಾಮಾನು ಮಾರಿದೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಮೊದಲು ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಒಂದು ಹಾಳೆ ತಗೊಳ್ಳಿ. ಯಾರಿಗೆ ಕೊಡಬೇಕು, ಇನ್ನೂ ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳಿಗೆ ಎಷ್ಟು ಕಟ್ಟುತ್ತಿದ್ದೀರಿ, ಯಾವ ತಾರೀಖಿಗೆ. ಇಷ್ಟು ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು: ಒಂದು ಕ್ರೆಡಿಟ್ ಕಾರ್ಡ್ 92,000, ಇನ್ನೊಂದು ಕಾರ್ಡ್ 38,000, ಪರ್ಸನಲ್ ಲೋನ್ ಬಾಕಿ 1,65,000, ಫ್ರಿಜ್ ಕಂತು ಇನ್ನು ಏಳು ತಿಂಗಳು ಅಂದರೆ 16,800, ಮತ್ತೆ ಅಕ್ಕನ ಗಂಡ, ನಮ್ಮ ಭಾವನ ಹತ್ತಿರ ತಂದ ಕೈಸಾಲ 40,000.

ಕೈಸಾಲವನ್ನು ಬಿಡಬೇಡಿ. ಬಡ್ಡಿ ಇಲ್ಲ ಅಂತ ಅದು ಹಾಳೆಗೆ ಬರುವುದೇ ಇಲ್ಲ, ಆದರೆ ಮನೆಯ ಫಂಕ್ಷನ್‌ಗೆ ಹೋದಾಗ ತಲೆ ತಗ್ಗಿಸಿ ಕೂರುವ ಹಾಗೆ ಮಾಡುವುದು ಅದೇ. ನಾನು ಭಾವನಿಗೆ ಫೋನ್ ಮಾಡಿ "ಭಾವ, ನಿಮ್ಮ ದುಡ್ಡು ಮರೆತಿಲ್ಲ, ಕಾರ್ಡ್ ಸಾಲ ಮುಗಿದ ತಕ್ಷಣ ನಿಮ್ಮದೇ, ಇನ್ನೊಂದು ಏಳು ತಿಂಗಳು ಬೇಕು" ಅಂದೆ. "ನಿಧಾನಕ್ಕೆ ಕೊಡೋ, ನಾನು ಕೇಳಿದ್ನಾ?" ಅಂದರು. ಅಷ್ಟು ದಿನ ಅವರ ಫೋನ್ ಬಂದರೆ ಎತ್ತಲು ಹಿಂಜರಿಯುತ್ತಿದ್ದೆ. ಆ ಒಂದು ಮಾತಿನಿಂದ ಅದು ಹೋಯಿತು.

ಬಡ್ಡಿ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಹುಡುಕಿ ಬರೆಯಿರಿ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ. 2024ರ ಅಕ್ಟೋಬರ್ ನಂತರ ತೆಗೆದ ಲೋನ್ ಆದರೆ ಬಡ್ಡಿ, ಚಾರ್ಜು ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವ ವಿವರದ ಹಾಳೆಯನ್ನು ಕೊಡಲೇಬೇಕು ಅಂತ ಆರ್‌ಬಿಐ ನಿಯಮ ಇದೆ, ಕೇಳಿ ತಗೊಳ್ಳಿ. ಊರಲ್ಲಿ ಬಡ್ಡಿಗೆ ತಂದಿದ್ದರೆ ಲೆಕ್ಕ ಸುಲಭ: ನೂರಕ್ಕೆ ಮೂರು ರೂಪಾಯಿ ಅಂದರೆ ಅದು ತಿಂಗಳಿಗೆ, ವರ್ಷಕ್ಕೆ ಶೇ. 36. ಕೇಳಲು ಸಣ್ಣದಾಗಿ ಕಾಣುವ ಅಂಕಿ, ಕಾರ್ಡ್ ಸಾಲಕ್ಕೆ ಹತ್ತಿರ ಹತ್ತಿರ. ಯಾವುದೋ ಹಳೇ ಸಾಲ ಮರೆತಿದ್ದೀರಾ ಅನ್ನುವ ಅನುಮಾನ ಇದ್ದರೆ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು, ಅದನ್ನು ತೆಗೆಸಿ ನೋಡಿ.

ಈಗ ಕಾರ್ಡಿನ ವಿಷಯ. ಇದನ್ನು ನಿಧಾನವಾಗಿ ಓದಿ. 92,000 ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ 3,220 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 580. ಒಟ್ಟು 3,800. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ', ಅಂದರೆ ಕಮ್ಮಿ ಅಂದರೂ ಇಷ್ಟು ಕಟ್ಟಿ ಅಂತ ತೋರಿಸುತ್ತಿದ್ದದ್ದು 4,600. ನಾನು ಪ್ರತಿ ತಿಂಗಳು ತಪ್ಪದೆ 4,600 ಕಟ್ಟಿ, ಸಾಲ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ಸಾಲದ ಅಸಲಿಗೆ ಹೋಗುತ್ತಿದ್ದದ್ದು 800 ರೂಪಾಯಿ ಮಾತ್ರ. ಅದೇ ಕಾರ್ಡಲ್ಲಿ ತಿಂಗಳಿಗೆ ಒಂದೆರಡು ಸಾವಿರ ಉಜ್ಜುತ್ತಲೂ ಇದ್ದೆ. ಇನ್ನೊಂದು ಗೊತ್ತಿರಲಿ: ಬಿಲ್ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡರೆ, ಆಮೇಲೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿ ಇಲ್ಲದ ದಿನಗಳು ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಆ ಭಾನುವಾರ ಸಂಜೆಯೇ ಎರಡೂ ಕಾರ್ಡ್ ಪರ್ಸಿನಿಂದ ಹೊರಗೆ ಹೋದವು, ಫೋನಿನ ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿದ್ದ ಕಾರ್ಡ್ ನಂಬರ್‌ಗಳನ್ನೂ ಅಳಿಸಿದೆವು. ಇದನ್ನು ಮಾಡದೆ ಬಜೆಟ್ ಬರೆದು ಪ್ರಯೋಜನವಿಲ್ಲ.

ಬಜೆಟ್: ಹೋದ ತಿಂಗಳಿನಿಂದ ಶುರು ಮಾಡಿ

ಮುಂದಿನ ತಿಂಗಳು ಎಷ್ಟು ಖರ್ಚು ಮಾಡಬೇಕು ಅಂತ ಮೊದಲೇ ಬರೆಯಬೇಡಿ. ಹೋದ ತಿಂಗಳು ಎಷ್ಟು ಖರ್ಚಾಗಿದೆ ಅಂತ ನೋಡಿ. ಯುಪಿಐ ಆ್ಯಪ್ ತೆಗೆದು ಒಂದನೇ ತಾರೀಖಿನಿಂದ ಮೂವತ್ತರವರೆಗೆ ಒಂದೊಂದೂ ಓದುತ್ತಾ ಬರೆದುಕೊಳ್ಳಿ. ಎರಡು ಗಂಟೆ ಹಿಡಿಯುತ್ತದೆ. ನಮಗೆ ಸಿಕ್ಕಿದ್ದು ಹೀಗಿತ್ತು: ಮನೆಗೆ ತರಿಸಿದ ಊಟ ತಿಂಡಿ 5,600. ಆನ್‌ಲೈನ್ ಸೇಲ್‌ಗಳಲ್ಲಿ ಬಟ್ಟೆ, ಡಬ್ಬಿ, ಅದೂ ಇದೂ ಅಂತ 3,000. ಟಿವಿ ಆ್ಯಪ್‌ಗಳಿಗೆ 900, ಅದರಲ್ಲಿ ಎರಡನ್ನು ಆರು ತಿಂಗಳಿಂದ ಯಾರೂ ತೆರೆದಿರಲೇ ಇಲ್ಲ.

ಊಟ ತರಿಸುವುದನ್ನು 1,200ಕ್ಕೆ ಇಳಿಸಿದೆವು. ಪೂರ್ತಿ ನಿಲ್ಲಿಸಲಿಲ್ಲ. ತಿಂಗಳಿಗೆ ಎರಡು ಸಲ ಮಗಳಿಗೆ ಇಷ್ಟವಾದದ್ದು ತರಿಸುತ್ತಿದ್ದೆವು, ಯಾವ ದಿನ ಅಂತ ಅವಳೇ ಹೇಳಬೇಕು. ಮಕ್ಕಳಿಗೆ "ದುಡ್ಡಿಲ್ಲ" ಅನ್ನುವುದಕ್ಕಿಂತ "ಈ ತಿಂಗಳು ಎರಡು ಸಲ, ಯಾವಾಗ ಬೇಕು ನೀನೇ ಹೇಳು" ಅಂದರೆ ಅವರು ನಮಗಿಂತ ಚೆನ್ನಾಗಿ ಲೆಕ್ಕ ಇಡುತ್ತಾರೆ. ಸೇಲ್ ಶಾಪಿಂಗ್ ಪೂರ್ತಿ ಬಂದ್. ಟಿವಿ ಒಂದು ಆ್ಯಪ್ ಇಟ್ಟುಕೊಂಡೆವು, 200 ರೂಪಾಯಿ. ಮೊಬೈಲ್ ಮತ್ತು ವೈಫೈ ಪ್ಲಾನ್ ಬದಲಿಸಿ 400 ಉಳಿಸಿದೆವು.

ತರಕಾರಿ, ಹಾಲು, ಹೂವು, ಹಣ್ಣು, ಬಸ್ಸು, ಕಾಫಿ ಇಂಥ ದಿನದ ಖರ್ಚಿಗೆ ವಾರಕ್ಕೆ 2,500 ನಗದು. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಕವರ್‌ಗೆ ಹಾಕಿ ಅಡುಗೆಮನೆ ಕಪಾಟಿನಲ್ಲಿ ಇಡುವುದು. ಶುಕ್ರವಾರ ಖಾಲಿಯಾದರೆ ಶನಿವಾರ ಭಾನುವಾರ ಮನೆಯಲ್ಲಿ ಇರುವುದರಲ್ಲೇ ಅಡುಗೆ. ಯುಪಿಐನಲ್ಲಿ 40, 60 ಅಂತ ಹೋಗುವುದು ಕೈಗೆ ತಿಳಿಯುವುದೇ ಇಲ್ಲ, ನೋಟು ಕೊಟ್ಟರೆ ತಿಳಿಯುತ್ತದೆ. ಇದೊಂದರಿಂದಲೇ ತಿಂಗಳಿಗೆ ಸಾವಿರ ರೂಪಾಯಿ ಉಳಿಯಿತು.

ಬಜೆಟ್ ಕೆಡುವುದು ಹೆಚ್ಚಾಗಿ ತಿಂಗಳ ಖರ್ಚಿನಿಂದ ಅಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿನಿಂದ. ಜೂನ್‌ನಲ್ಲಿ ಸ್ಕೂಲ್ ಫೀಸು, ಗಾಡಿ ಇನ್ಶೂರೆನ್ಸ್, ಗೌರಿ ಗಣೇಶ, ದೀಪಾವಳಿ, ಊರಹಬ್ಬ. ಮತ್ತೆ ಮುಯ್ಯಿ! ನಮ್ಮಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ ಅಂತ ವೈಶಾಖದಲ್ಲಿ ಒಂದೇ ತಿಂಗಳಿಗೆ ಐದಾರು ಬರುತ್ತವೆ, ಕೊಡದೆ ಇರಲು ಆಗುವುದಿಲ್ಲ, ಅವರು ನಮಗೆ ಮಾಡಿರುತ್ತಾರೆ. ಇವೆಲ್ಲವನ್ನೂ ಬರೆದು, ಕೂಡಿಸಿ, 12ರಿಂದ ಭಾಗಿಸಿ, ಅಷ್ಟನ್ನು ಪ್ರತಿ ತಿಂಗಳು ಬೇರೆ ಇಡಿ. ಆಗ ಹಬ್ಬ ಬಂದರೆ ಕಾರ್ಡ್ ನೆನಪಾಗುವುದಿಲ್ಲ.

ಸಾಧ್ಯವಾದರೆ ಕಂತುಗಳಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಸಂಬಳ ಬಂದ ದಿನವೇ ಆ ತಿಂಗಳ ಕಂತಿನ ಮೊತ್ತ ಅಲ್ಲಿಗೆ ಹೋಗಬೇಕು, ಆ ಖಾತೆಗೆ ಯುಪಿಐ ಇರಬಾರದು. ಒಂದು ಸಲ ಕಂತು ಬೌನ್ಸ್ ಆದರೆ ಸಾಲ ಕೊಟ್ಟವರೂ ಚಾರ್ಜ್ ಹಾಕುತ್ತಾರೆ, ನಮ್ಮ ಬ್ಯಾಂಕೂ ಹಾಕುತ್ತದೆ. ಹಾಗೇ, ಸಾಲಕ್ಕೆ ಜಾಸ್ತಿ ಕಟ್ಟಲು ಶುರು ಮಾಡುವ ಮುಂಚೆ ಹತ್ತು ಸಾವಿರದಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ಮಗುವಿಗೆ ಜ್ವರ ಬಂದರೆ, ಗಾಡಿ ಕೆಟ್ಟರೆ ಮತ್ತೆ ಕಾರ್ಡ್ ಹುಡುಕುವ ಹಾಗಾಗಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಕಾರ್ಡ್‌ಗಳ ಮಿನಿಮಮ್, ಲೋನ್ ಕಂತು, ಫ್ರಿಜ್ ಕಂತು ಎಲ್ಲ ಕಟ್ಟಿಯೂ ತಿಂಗಳಿಗೆ 7,000 ಉಳಿಯಿತು.

ಯಾವ ಸಾಲ ಮೊದಲು

ಬಡ್ಡಿ ಜಾಸ್ತಿ ಇರುವುದು ಮೊದಲು. ಉಳಿದವುಗಳಿಗೆ ಕಟ್ಟಲೇಬೇಕಾದಷ್ಟು ಕಟ್ಟಿ, ಮಿಕ್ಕಿದ್ದೆಲ್ಲ ಒಂದೇ ಸಾಲದ ಮೇಲೆ ಹಾಕಿ. ಎಲ್ಲದಕ್ಕೂ ಐನೂರು, ಸಾವಿರ ಅಂತ ಹಂಚಿದರೆ ಯಾವುದೂ ಮುಗಿಯುವುದಿಲ್ಲ. ಸಣ್ಣ ಸಾಲ ಮೊದಲು ತೀರಿಸಿದರೆ ಧೈರ್ಯ ಬರುತ್ತದೆ ಅಂತ ಹೇಳುವವರಿದ್ದಾರೆ, ಅದೂ ಸುಳ್ಳಲ್ಲ, ಆದರೆ ಬಡ್ಡಿಯಲ್ಲಿ ಇಷ್ಟು ವ್ಯತ್ಯಾಸ ಇರುವಾಗ ನಾನು ಲೆಕ್ಕದ ಕಡೆಗೇ ನಿಲ್ಲುತ್ತೇನೆ. ನಮ್ಮ ಎರಡು ಕಾರ್ಡಿಗೂ ಬಡ್ಡಿ ಒಂದೇ ಇದ್ದದ್ದರಿಂದ 38,000ದ್ದನ್ನು ಮೊದಲು ಹಿಡಿದೆವು. ಅದು ಮುಗಿದ ಮೇಲೆ ಅದಕ್ಕೆ ಹೋಗುತ್ತಿದ್ದ 1,900 ಮನೆ ಖರ್ಚಿಗೆ ವಾಪಸ್ ಬರಲಿಲ್ಲ, ಮುಂದಿನ ಕಾರ್ಡಿಗೆ ಸೇರಿತು. ಅದು ಮುಗಿದಾಗ ಎಲ್ಲ ಸೇರಿ ಭಾವನಿಗೆ, ಬಡ್ಡಿ ಇಲ್ಲದಿದ್ದರೂ ಮಾತು ಕೊಟ್ಟಿದ್ದೆನಲ್ಲ. ಆಮೇಲೆ ಲೋನಿಗೆ. ಹೀಗೆ ಹೋಗ್ತಾ ಹೋಗ್ತಾ ಮೊತ್ತ ದೊಡ್ಡದಾಗುತ್ತದೆ.

ಸಾಮಾನು ಮಾರುವುದು

ಇಲ್ಲಿ ನಿಧಾನ ಮಾಡುತ್ತೇನೆ, ಯಾಕೆಂದರೆ ನಮ್ಮ 17 ತಿಂಗಳು 25 ಆಗದೆ ಉಳಿದದ್ದಕ್ಕೆ ದೊಡ್ಡ ಕಾರಣ ಇದು.

ಮೊದಲು ಮಾರಿದ್ದು ಸ್ಟಡಿ ಟೇಬಲ್, 4,500ಕ್ಕೆ. ದುಡ್ಡು ನನ್ನ ಖಾತೆಗೆ ಬಂತು. ಒಂಬತ್ತು ದಿನದಲ್ಲಿ ಒಂದು ಗ್ಯಾಸ್ ಸಿಲಿಂಡರ್, ಒಂದು ಮದುವೆಯ ಮುಯ್ಯಿ, ಮಗಳ ಶೂ, ಎರಡು ಸಲ ಪೆಟ್ರೋಲ್ ಆಗಿ ಹೋಯಿತು. ಟೇಬಲ್ಲೂ ಇಲ್ಲ, ಸಾಲವೂ ಹಾಗೇ. ಅಂದು ಮಾಡಿಕೊಂಡ ನಿಯಮ ಇದು: ಮಾರಿದ ದುಡ್ಡು ಅದೇ ದಿನ ಸಾಲಕ್ಕೆ. ಕೊಳ್ಳುವವರು ಗೇಟು ದಾಟುವ ಮುಂಚೆ ಕಾರ್ಡಿಗೆ ಕಟ್ಟುವುದು. ನಗದು ಕೊಟ್ಟರೆ ಅದು ವಾರದ ಕವರ್‌ಗೆ, ಖಾತೆಯಲ್ಲಿದ್ದ ಅಷ್ಟೇ ದುಡ್ಡು ಕಾರ್ಡ್‌ಗೆ. ಬಿಲ್ ಬರುವವರೆಗೆ ಕಾಯಬೇಕಾಗಿಲ್ಲ, ಕಾರ್ಡ್‌ಗೆ ಯಾವ ದಿನ ಬೇಕಾದರೂ ಎಷ್ಟು ಬೇಕಾದರೂ ಕಟ್ಟಬಹುದು, ಬಡ್ಡಿಯನ್ನು ದಿನದ ಬಾಕಿ ಮೇಲೆ ಲೆಕ್ಕ ಹಾಕುವುದರಿಂದ ಎಷ್ಟು ಬೇಗ ಕಟ್ಟಿದರೆ ಅಷ್ಟು ಒಳ್ಳೆಯದು. ನೀವು ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಏನನ್ನು ಮಾರಬೇಕು? ನಾವು ಅಟ್ಟದಿಂದ ಶುರು ಮಾಡಿದೆವು, ಆಮೇಲೆ ಮಂಚದ ಕೆಳಗೆ, ಬಾಲ್ಕನಿ, ಕೊನೆಗೆ ಬೀರು. ಒಂದು ವರ್ಷದಿಂದ ಮುಟ್ಟದ್ದು ಹಾಲ್‌ಗೆ ಬರಬೇಕು. ಆಮೇಲೆ ಇಬ್ಬರೂ ಒಪ್ಪಿದರೆ ಮಾತ್ರ ಮಾರಾಟಕ್ಕೆ. ನಮ್ಮ ಮನೆಯಿಂದ ಹೋದದ್ದು: 2016ರ ಎರಡನೇ ಸ್ಕೂಟರ್ 31,000, ನಾನು ಆಸೆಪಟ್ಟು 48,000 ಕೊಟ್ಟು ತಂದಿದ್ದ ಕ್ಯಾಮೆರಾ 17,500, ಟ್ರೆಡ್‌ಮಿಲ್ 8,000, ಎರಡು ಹಳೇ ಫೋನ್ 4,800, ಮಗಳ ತೊಟ್ಟಿಲು ಮತ್ತು ಸಣ್ಣ ಸೈಕಲ್ 2,700, ಪರೀಕ್ಷೆ ಪುಸ್ತಕಗಳು 1,900, ಪೇಪರ್, ರಟ್ಟು, ಕಬ್ಬಿಣ ಗುಜರಿಗೆ 1,350. ಟೇಬಲ್ ಸೇರಿ 71,750. ನಾಲ್ಕು ತಿಂಗಳಲ್ಲಿ.

ಕ್ಯಾಮೆರಾ ಕೊಡುವಾಗ ಹೊಟ್ಟೆ ಉರಿಯಿತು. ಮೂವತ್ತು ಸಾವಿರ ನಷ್ಟ ಅಂತ ಮನಸ್ಸು ಹೇಳುತ್ತಿತ್ತು. ಹೆಂಡತಿ ಕೇಳಿದಳು, "ರೀ, ಇವತ್ತು ನಿಮ್ಮ ಕೈಯಲ್ಲಿ 17,500 ಇದ್ದಿದ್ರೆ ಈ ಕ್ಯಾಮೆರಾ ಕೊಂಡ್ಕೊಳ್ತಿದ್ರಾ, ಕಾರ್ಡ್ ಕಟ್ತಿದ್ರಾ?" ಆ ಪ್ರಶ್ನೆಗೆ ಉತ್ತರ ಒಂದೇ. 48,000 ಯಾವತ್ತೋ ಹೋಗಿತ್ತು. ಅಟ್ಟದ ಮೇಲಿದ್ದದ್ದು 17,500 ಮಾತ್ರ, ಅದೂ ವರ್ಷ ವರ್ಷ ಇಳಿಯುತ್ತಿತ್ತು.

ಮಾರದೆ ಇಟ್ಟುಕೊಂಡದ್ದೂ ಇದೆ. ಅವಳ ಹೊಲಿಗೆ ಮೆಷಿನ್, ಅದರಿಂದ ನಾಲ್ಕು ಕಾಸು ಬರುತ್ತದೆ. ನನ್ನ ಕೆಲಸದ ಲ್ಯಾಪ್‌ಟಾಪ್. ಅಜ್ಜಿಯ ಹಿತ್ತಾಳೆ ಹಂಡೆ. ಹಂಡೆ ತೂಕಕ್ಕೆ ಒಳ್ಳೆ ದುಡ್ಡು ಬರುತ್ತಿತ್ತು, ಆದರೆ ಗುಜರಿಯವನು ಅದನ್ನು ಕರಗಿಸಲು ಕಳಿಸುತ್ತಾನೆ ಅನ್ನುವುದನ್ನು ನೆನೆದರೆ ಆಗಲಿಲ್ಲ, ಇಬ್ಬರಿಗೂ. ಮಾರಿದ ಮೇಲೆ ಮತ್ತೆ ಕೊಳ್ಳಲೇಬೇಕಾದದ್ದನ್ನೂ, ಮತ್ತೆ ಎಲ್ಲೂ ಸಿಗದ್ದನ್ನೂ ಮಾರಬೇಡಿ.

ಎಲ್ಲಿ ಮಾರುವುದು ಅನ್ನುವುದು ಸಾಮಾನಿನ ಮೇಲೆ. ಮಕ್ಕಳ ಸಾಮಾನು ಅಪಾರ್ಟ್‌ಮೆಂಟ್, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಸಂಜೆಗೆ ಹೋಗುತ್ತದೆ, ನೋಡಲು ಬರುವವರೂ ಗೊತ್ತಿರುವವರೇ. ಪೀಠೋಪಕರಣ, ಟ್ರೆಡ್‌ಮಿಲ್‌ನಂಥ ದೊಡ್ಡದಕ್ಕೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್. ಫೋನಿಗೆ ಕ್ಯಾಶಿಫೈನಂಥ ಕಡೆ ಮನೆಗೇ ಬಂದು ತಗೊಳ್ಳುತ್ತಾರೆ. ಬೆಲೆ ಸ್ವಲ್ಪ ಕಮ್ಮಿ, ತಲೆನೋವೂ ಕಮ್ಮಿ. ಬೆಂಗಳೂರಲ್ಲಿದ್ದರೆ ಪರೀಕ್ಷೆ ಮತ್ತು ಕಾಲೇಜು ಪುಸ್ತಕಗಳನ್ನು ಅವೆನ್ಯೂ ರಸ್ತೆಗೆ ಒಯ್ಯಿರಿ, ಕಥೆ ಕಾದಂಬರಿ ಆದರೆ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಿಗೆ. ಕಂಪ್ಯೂಟರ್ ಬಿಡಿ ಭಾಗಕ್ಕೆ ಎಸ್‌ಪಿ ರೋಡ್. ಹಳೇ ರೇಷ್ಮೆ ಸೀರೆಯಲ್ಲಿ ಅಸಲಿ ಜರಿ ಇದ್ದರೆ ಅದರಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಕೊಳ್ಳುವವರೇ ಇದ್ದಾರೆ, ಒಬ್ಬರ ಮಾತಿಗೆ ಒಪ್ಪದೆ ಎರಡು ಕಡೆ ಕೇಳಿ. ಗುಜರಿಗೆ ಹಾಕುವಾಗ ಮನೆಯಲ್ಲೇ ಒಮ್ಮೆ ತೂಕ ನೋಡಿಕೊಳ್ಳಿ. ಸ್ನಾನದ ಮನೆಯ ಹತ್ತಿರ ಇಡುವ ಆ ತೂಕದ ಮೆಷಿನ್ ಸಾಕು, ಪೇಪರ್ ಹಿಡಿದುಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಆಯ್ತು.

ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಒರೆಸಿ, ಹಿಂದೆ ಬಟ್ಟೆ ರಾಶಿ ಇಲ್ಲದ ಹಾಗೆ. ಏನು ಕೆಟ್ಟಿದೆಯೋ ಅದನ್ನು ಮೊದಲೇ ಬರೆಯಿರಿ. ನಮ್ಮ ಟ್ರೆಡ್‌ಮಿಲ್‌ನ ಬಲಗಡೆ ಹಿಡಿ ಅಲುಗಾಡುತ್ತಿತ್ತು, ಅದರದ್ದೇ ಒಂದು ಫೋಟೋ ಹಾಕಿದೆವು. ಬಂದವರು ಅದನ್ನು ಹಿಡಿದು ಚೌಕಾಸಿ ಮಾಡಲು ಆಗಲಿಲ್ಲ. ಬೆಲೆ ಇಡುವಾಗ ಅಂಥದ್ದೇ ಸಾಮಾನಿಗೆ ಬೇರೆಯವರು ಎಷ್ಟು ಕೇಳುತ್ತಿದ್ದಾರೆ ನೋಡಿ, ಅದೇ ಆಸುಪಾಸು ಇಟ್ಟು, ಮನಸ್ಸಿನಲ್ಲಿ ಇದಕ್ಕಿಂತ ಕೆಳಗೆ ಕೊಡಲ್ಲ ಅಂತ ಒಂದು ಅಂಕಿ ಗಟ್ಟಿ ಮಾಡಿಕೊಳ್ಳಿ. "ಲಾಸ್ಟ್ ಎಷ್ಟು?" ಅಂತ ಇಪ್ಪತ್ತು ಮೆಸೇಜ್ ಬರುತ್ತದೆ. "ಬಂದು ನೋಡಿ, ಮಾತಾಡೋಣ" ಅಂತ ಒಂದೇ ಉತ್ತರ ಕೊಡಿ. ನಿಜವಾಗಿ ಬೇಕಾದವರು ಬರುತ್ತಾರೆ. ಎರಡು ವಾರ ಆದರೂ ಹೋಗದಿದ್ದರೆ ಹತ್ತು ಪರ್ಸೆಂಟ್ ಇಳಿಸಿ. ಬೆಲೆ ಹಿಡಿದು ಕೂತರೆ ಅತ್ತ ಬಡ್ಡಿ ಓಡುತ್ತಿರುತ್ತದೆ.

ಮೋಸದ ಬಗ್ಗೆ ಎಚ್ಚರ. ನೋಡದೆಯೇ ಹೇಳಿದ ಬೆಲೆಗೆ ಒಪ್ಪಿ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ ಅಂತ ಹೇಳಿ, ಒಂದು ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅನ್ನುವವರು ಕಳ್ಳರು. ದುಡ್ಡು ತಗೊಳ್ಳಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ನಿಮ್ಮಿಂದ ಹೋಗುತ್ತಿದೆ ಅಂತ ಅರ್ಥ. ಹಾಗೇನಾದರೂ ಆದರೆ ತಡ ಮಾಡದೆ ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ನಿಮ್ಮ ಖಾತೆ ತೆರೆದು ನೋಡಿ. ಫೋನ್ ಮಾರುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದು, ಗೂಗಲ್ ಖಾತೆಯಿಂದ ಹೊರಬಂದು, ಆಮೇಲೆ ಪೂರ್ತಿ ರೀಸೆಟ್ ಮಾಡಿ. *#06# ಒತ್ತಿದರೆ ಬರುವ ಐಎಂಇಐ ನಂಬರ್, ತಗೊಂಡವರ ಗುರುತಿನ ಚೀಟಿಯ ಫೋಟೋ, ತಾರೀಖು ಬರೆದಿಟ್ಟುಕೊಳ್ಳಿ.

ಗಾಡಿ ಮತ್ತು ಚಿನ್ನ

ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡರೆ ಮುಗಿಯಲಿಲ್ಲ. ಆರ್‌ಸಿ ನಿಮ್ಮ ಹೆಸರಲ್ಲಿ ಇರುವವರೆಗೆ ದಂಡ, ಅಪಘಾತ, ಪೊಲೀಸ್ ಎಲ್ಲ ನಿಮ್ಮ ಬಾಗಿಲಿಗೇ ಬರುತ್ತದೆ. ಫಾರಂ 29 ಮತ್ತು 30ಕ್ಕೆ ಸಹಿ, ಸಾಲದ ಮೇಲೆ ತಗೊಂಡ ಗಾಡಿಯಾದರೆ ಬ್ಯಾಂಕಿನಿಂದ ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ (ಎನ್‌ಒಸಿ), ಅದರ ಜೊತೆ ಫಾರಂ 35. ಗಾಡಿ ಕೊಟ್ಟ ದಿನ ಮತ್ತು ಗಂಟೆ ಬರೆದು ಇಬ್ಬರೂ ಸಹಿ ಮಾಡಿದ ಒಂದು ಕಾಗದ, ಅವರ ಆಧಾರ್ ಪ್ರತಿ. ಹೆಸರು ಬದಲಾಗಿದೆಯಾ ಅಂತ ಪರಿವಾಹನ್ ತಾಣದಲ್ಲಿ ನೀವೇ ನೋಡುತ್ತಿರಿ, ಕೊಂಡವರ ಬಾಯಿ ಮಾತು ಸಾಲದು. ಬಾಕಿ ಟ್ರಾಫಿಕ್ ದಂಡ ಮೊದಲು ಕಟ್ಟಿ. ಕರ್ನಾಟಕದಲ್ಲಿ 2023ರಲ್ಲೂ 2025ರಲ್ಲೂ ಅರ್ಧಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು, ಅಂಥ ಅವಕಾಶ ನಡೆಯುತ್ತಿದೆಯಾ ವಿಚಾರಿಸಿ. ಸ್ಕೂಟರ್ ಹೋದ ಮೇಲೆ ಅದರ ಇನ್ಶೂರೆನ್ಸ್, ಸರ್ವಿಸ್ ಖರ್ಚೂ ನಿಂತಿತು, ಅದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚಿನ್ನದ ವಿಷಯ ಹೆಂಡತಿಯದ್ದು. ನಾನು ಒಂದು ಸಲ ಕೇಳಿದೆ, ಅವಳು ಬೇಡ ಅಂದಳು, ಎರಡನೇ ಸಲ ಕೇಳಲಿಲ್ಲ. ತವರಿನಿಂದ ಬಂದದ್ದರ ಮೇಲೆ ನಮಗೆ ಹಕ್ಕಿಲ್ಲ, ಗಂಡಸರು ಇದನ್ನು ತಿಳಿದುಕೊಳ್ಳಬೇಕು. ಅವರಾಗೇ ಒಪ್ಪಿದರೆ, ಮಾರುವುದಕ್ಕಿಂತ ಅಡವಿಡುವುದನ್ನು ಮೊದಲು ಯೋಚಿಸಿ. ಸರ್ಕಾರಿ ಬ್ಯಾಂಕುಗಳಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ ಶೇ. 9ರ ಆಸುಪಾಸು ಬಡ್ಡಿ, ಕಾರ್ಡಿಗೆ ಶೇ. 42. ಆ ದುಡ್ಡಲ್ಲಿ ಕಾರ್ಡ್ ತೀರಿಸಿದರೆ ಬಡ್ಡಿ ನಾಲ್ಕರಲ್ಲಿ ಒಂದು ಪಾಲಿಗೂ ಕಮ್ಮಿ ಆಗುತ್ತದೆ. ಆದರೆ ಕಾರ್ಡನ್ನು ಮತ್ತೆ ಉಜ್ಜಿದರೆ ಎರಡು ಸಾಲ, ಮೇಲೆ ಒಡವೆ ಹರಾಜಿನ ಭಯ. ಮಾರಲೇಬೇಕಾದರೆ ಒಂಟಿ ಓಲೆ, ತುಂಡಾದ ಸರ ಇಂಥದ್ದು ಮೊದಲು. ಹಾಲ್‌ಮಾರ್ಕ್ ಇದ್ದರೆ ಅದರ ಆರು ಅಕ್ಷರ-ಅಂಕಿಯ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಶುದ್ಧತೆ ನೋಡಿಕೊಂಡು ಹೋಗಿ. ಕಲ್ಲು ತೆಗೆದ ಮೇಲೆ ತೂಕ ಎಷ್ಟು, ಕರಗಿಸುವುದಕ್ಕೆ ಎಷ್ಟು ಕಳೆಯುತ್ತೀರಿ ಅಂತ ಮೂರು ಅಂಗಡಿಯಲ್ಲಿ ಕೇಳಿ. ಒಡವೆ ಮಾಡಿಸುವಾಗ ಕೊಟ್ಟ ಕೂಲಿಯ ದುಡ್ಡು ವಾಪಸ್ ಬರುವುದಿಲ್ಲ.

ಬ್ಯಾಂಕಿನವರ ಜೊತೆ

ಕಟ್ಟಲು ಆಗುವುದಿಲ್ಲ ಅನ್ನಿಸಿದರೆ ತಾರೀಖು ದಾಟುವ ಮುಂಚೆ ನೀವೇ ಫೋನ್ ಮಾಡಿ. ಕಾರ್ಡ್ ಬಾಕಿಯನ್ನು ಕಂತು ಮಾಡಿಕೊಡಿ ಅಂದರೆ ಹೆಚ್ಚಿನವರು ಮಾಡುತ್ತಾರೆ, ಬಡ್ಡಿ ಅರ್ಧಕ್ಕೂ ಕಮ್ಮಿಯಾಗಬಹುದು. ಎಷ್ಟು ಬಡ್ಡಿ, ಏನು ಚಾರ್ಜ್ ಅಂತ ಬರವಣಿಗೆಯಲ್ಲಿ ತಗೊಳ್ಳಿ. "ಸ್ವಲ್ಪ ಕಟ್ಟಿ ಸೆಟಲ್ ಮಾಡ್ಕೊಳ್ಳಿ" ಅಂತ ಆಸೆ ತೋರಿಸಿದರೆ ಯೋಚಿಸಿ. ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬಿದ್ದರೆ ಮುಂದೆ ಮನೆ ಸಾಲ ಕೇಳುವಾಗ ಕಷ್ಟ. ಬೇರೆ ದಾರಿಯೇ ಇಲ್ಲದವರಿಗೆ ಮಾತ್ರ ಅದು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ ಹೇಳಿ ಮಾನ ಕಳೆಯುವಂತಿಲ್ಲ. ನಮಗೂ ಒಂದು ಕಡೆಯಿಂದ ರಾತ್ರಿ ಒಂಬತ್ತಕ್ಕೆ ಫೋನ್ ಬಂದಿತ್ತು. ದಿನ, ಗಂಟೆ, ನಂಬರ್ ಬರೆದು ಇಮೇಲ್‌ನಲ್ಲಿ ದೂರು ಕೊಟ್ಟ ಮೇಲೆ ನಿಂತಿತು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, 14448ರಲ್ಲಿ ವಿಚಾರಿಸಿ. ಮೈಕ್ರೋ ಫೈನಾನ್ಸ್‌ನವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು, ತಪ್ಪಿಗೆ 10 ವರ್ಷದವರೆಗೆ ಜೈಲು ಇದೆ. ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ, ನಾಚಿಕೆ ಬೇಡ. ಸಾಲ ಇರುವುದು ತಪ್ಪು ಕೆಲಸ ಅಲ್ಲ. ಈ ಸಾಲ ತೀರಿಸಲು ಫೋನಿನ ಲೋನ್ ಆ್ಯಪ್‌ನಿಂದ ಇನ್ನೊಂದು ಸಾಲ ಮಾತ್ರ ತೆಗೆಯಬೇಡಿ, ಎಷ್ಟೇ ಅವಸರ ಇದ್ದರೂ.

ಮುಗಿದ ಮೇಲೆ ಕಾಗದ

ಆರನೇ ತಿಂಗಳಿಗೆ ಎರಡೂ ಕಾರ್ಡ್ ಸೊನ್ನೆಗೆ ಬಂದವು. ಒಂದನ್ನು ಮುಚ್ಚಲು ಅರ್ಜಿ ಕೊಟ್ಟೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ಕೊಡಬೇಕು ಅಂತ ಆರ್‌ಬಿಐ ನಿಯಮ. ಇಮೇಲ್‌ನಲ್ಲಿ ಇದನ್ನೇ ಬರೆದೆ, ಐದನೇ ದಿನ ಮುಚ್ಚಿದರು. ಒಂಬತ್ತನೇ ತಿಂಗಳಿಗೆ ಭಾವನ ದುಡ್ಡು ಮುಗಿಯಿತು. ಕೊನೆಯ ಕಂತನ್ನು ಫೋನಲ್ಲಿ ಕಳಿಸದೆ ಮನೆಗೇ ಹೋಗಿ, ಹಣ್ಣಿನ ಜೊತೆ ಕೈಗೆ ಕೊಟ್ಟೆ. ಅಕ್ಕ ಹೋಳಿಗೆ ಮಾಡಿದ್ದಳು.

ಪರ್ಸನಲ್ ಲೋನ್ ಮುಂಚೆಯೇ ಮುಚ್ಚುವುದಾದರೆ ಚಾರ್ಜ್ ಎಷ್ಟು ಅಂತ ಮೊದಲು ಕೇಳಿ. ಬಡ್ಡಿ ದರ ಬದಲಾಗದ ಲೋನ್‌ಗಳಿಗೆ ಬಾಕಿಯ ಮೇಲೆ ಇಂತಿಷ್ಟು ಪರ್ಸೆಂಟ್ ಹಾಕುತ್ತಾರೆ. ಉಳಿಯುವ ಬಡ್ಡಿಗಿಂತ ಚಾರ್ಜ್ ಕಮ್ಮಿ ಇದ್ದರೆ ಮಾತ್ರ ಮುಚ್ಚಿ. ನಮ್ಮದರಲ್ಲಿ ಅರ್ಧಂಬರ್ಧ ಕಟ್ಟಲು ಬಿಡುತ್ತಿರಲಿಲ್ಲ, ಹಾಗಾಗಿ ತಿಂಗಳು ತಿಂಗಳು ಬೇರೆ ಖಾತೆಯಲ್ಲಿ ಕೂಡಿಡುತ್ತಾ 17ನೇ ತಿಂಗಳು ಒಂದೇ ಸಲ ಕಟ್ಟಿದೆವು.

ಕಟ್ಟಿದ ರಸೀದಿ ಸಾಲದು, ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ತಗೊಳ್ಳಿ. ಒಂದು ತಿಂಗಳು ಬಿಟ್ಟು ಸಿಬಿಲ್ ರಿಪೋರ್ಟ್ ತೆಗೆದು ಪ್ರತಿಯೊಂದರ ಮುಂದೆ 'ಕ್ಲೋಸ್ಡ್' ಅಂತ ಇದೆಯಾ ನೋಡಿ. ನಮ್ಮದರಲ್ಲಿ ಫ್ರಿಜ್ ಕಂತು ಇನ್ನೂ ಬಾಕಿ ಅಂತ ತೋರಿಸುತ್ತಿತ್ತು, ಮುಗಿದು ಹತ್ತು ತಿಂಗಳಾಗಿದ್ದರೂ. ಪತ್ರದ ಪ್ರತಿ ಹಾಕಿ ದೂರು ಕೊಟ್ಟೆವು. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮವಿದೆ. ಮೂರು ವಾರದಲ್ಲಿ ಸರಿಯಾಯಿತು. ಆ ಪತ್ರಗಳೆಲ್ಲ ಈಗ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಬೀರುವಿನಲ್ಲಿವೆ, ಅದರ ಜೊತೆಗೇ ಮಗಳ ಹಳೇ ನೋಟ್‌ಬುಕ್ಕಿನ ಆ ಹಾಳೆಯೂ ಇದೆ, ಐದು ಸಾಲುಗಳ ಮೇಲೂ ಗೆರೆ ಎಳೆದದ್ದು.